ಅಪ್ಪನ ಹೆಸರಿನ ಸಾಲು

ವಾಪಾಟೊ, ವಾಷಿಂಗ್ಟನ್
8 ಮೇ 2005

ಒಫೇಲಿಯಾ,

ಕ್ರಿಸ್‌ಮಸ್ಸಿಗಲ್ಲದೆ ಮೇ ತಿಂಗಳಲ್ಲಿ ನನ್ನ ಕಾಗದ ಬಂತೆಂದರೆ ಯಾರೋ ಹೋಗಿರಬೇಕು ಎಂದುಕೊಂಡೇ ಲಕೋಟೆ ಒಡೆದಿರುತ್ತೀಯ. ನಿಜ, ಅಮ್ಮ ಹೋದಳು, ಫೆಬ್ರವರಿಯಲ್ಲಿ. ಸೇಬಿನ ಗಿಡಗಳ ಟೊಂಗೆ ಸವರುವ ಕಾಲ. ನಾನು ಕೆಲಸ ಮುಗಿಸಿ ಬರುವಷ್ಟರಲ್ಲಿ ಕುರ್ಚಿಯಲ್ಲಿ ಕೂತಲ್ಲೇ ಹೋಗಿದ್ದಳು. ಅದನ್ನು ಇನ್ನೊಮ್ಮೆ ಬರೆಯುತ್ತೇನೆ. ಇದು ಬೇರೆ ವಿಷಯ, ತುರ್ತು.

ನಮ್ಮ ಮಗಳು ಯಾದಿರಾಳ ಜನನ ಪತ್ರದ ಹೊಸ ನಕಲು ಬೇಕು. ನೋಂದಣಿ ಕಚೇರಿಯ ಮೊಹರು ಇರಬೇಕು. ಈ ಕಾಗದ ಓದಿದ ದಿನವೇ ಹೋಗಿ ತೆಗೆಸು.

ನಾನು ಹುಟ್ಟಿದ್ದು ಇಲ್ಲಿ ಅಮೆರಿಕದಲ್ಲಿ, ಆದ್ದರಿಂದ ಈ ದೇಶದ ಪೌರ. ನನ್ನ ಮಗಳು ಗಡಿಯಾಚೆ ನಿಮ್ಮ ಲಾಸ್ ಪಿಲಾಸ್‌ನಲ್ಲಿ ಹುಟ್ಟಿದರೂ ಈ ಪೌರತ್ವ ಅವಳಿಗೂ ಸೇರಬೇಕಾದದ್ದೇ. ಆದರೆ ನಾವಿಬ್ಬರು ಮದುವೆಯಾಗಲಿಲ್ಲವಲ್ಲ, ಅಲ್ಲೊಂದು ಕೊಕ್ಕೆ ಇದೆ. ಮದುವೆಯಾಗದ ಅಪ್ಪ ‘ಇವಳು ನನ್ನ ಮಗಳು, ಇವಳ ಹೊಣೆ ನನ್ನದು’ ಎಂದು ಪ್ರಮಾಣ ಮಾಡಿ ಬರೆದುಕೊಡಬೇಕು. ಅದೂ ಅವಳಿಗೆ ಹದಿನೆಂಟು ತುಂಬುವ ಮೊದಲೇ. ತುಂಬಿದ ಮರುದಿನ ಹೋಗಿ ಕಾಲಿಗೆ ಬಿದ್ದರೂ ಕೇಳುವುದಿಲ್ಲ. ನನ್ನ ಜೊತೆ ಹಣ್ಣು ಕೀಳುವ ನಾಚೊಗೆ ಈ ವಿಷಯ ತಿಳಿದಾಗ ಅವನ ಮಗನಿಗೆ ಹದಿನೆಂಟು ತುಂಬಿ ಮೂರು ವಾರವಾಗಿತ್ತು. ‘ಮೂರು ವಾರ ಕಣೋ ಫೆರ್ಮಿನ್, ಮೂರೇ ವಾರ’ ಎಂದು ಈಗಲೂ ಏಣಿಯ ಮೇಲಿಂದ ಕೂಗುತ್ತಿರುತ್ತಾನೆ.

ಯಾದಿರಾಗೆ ಹದಿನೆಂಟು ತುಂಬುವ ನವೆಂಬರ್ 22ಕ್ಕೆ ಆರು ತಿಂಗಳ ಮೇಲೆ ಎರಡು ವಾರ ಇದೆ. ಬೇಕಾದಷ್ಟು ಸಮಯ ಇದೆ ಅನ್ನಬೇಡ. ಚೆರ್ರಿ ಕೊಯ್ಲು ಶುರುವಾದರೆ ನನಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿರುವುದಿಲ್ಲ.

ನಿನ್ನ ಅಪ್ಪ ದೊನ್ ಚೋನ್ ಅವರಿಗೂ ಅಮ್ಮ ದೊನ್ಯಾ ಕೂಕಾ ಅವರಿಗೂ ನನ್ನ ನಮಸ್ಕಾರ. ನನ್ನ ಹೆಸರು ಕೇಳಿದರೆ ನಿನ್ನ ಅಮ್ಮ ಇನ್ನೂ ಉಗುಳುತ್ತಾರಾ?

ಫೆರ್ಮಿನ್


ಲಾಸ್ ಪಿಲಾಸ್, ಸಕತೆಕಾಸ್
2 ಜೂನ್ 2005

ಫೆರ್ಮಿನ್ ಅವರಿಗೆ,

ನಿಮ್ಮ ತಾಯಿಯ ಸುದ್ದಿ ತಿಳಿದು ಬೇಸರವಾಯಿತು. ಹೌದು, ಅಮ್ಮ ಈಗಲೂ ಉಗುಳುತ್ತಾಳೆ. ನಿಮ್ಮ ಹೆಸರಿಗೆ ಉಗುಳಿ, ಆಮೇಲೆ ಒಳಗೆ ಹೋಗಿ ನಿಮ್ಮ ತಾಯಿಯ ಹೆಸರಿಗೆ ಮೇಣದ ಬತ್ತಿ ಹಚ್ಚಿದಳು.

ಜನನ ಪತ್ರ ಸದ್ಯಕ್ಕೆ ಸಿಗುವುದಿಲ್ಲ. ನೋಂದಣಿ ಅಧಿಕಾರಿ ರಜೆಯಲ್ಲಿದ್ದಾರೆ. ಆ ವರ್ಷದ ಪುಸ್ತಕದ ರಟ್ಟು ಕಿತ್ತುಹೋಗಿ ಕಟ್ಟಿಸಲು ಕಳಿಸಿದ್ದಾರೆ ಎಂದೂ ಹೇಳುತ್ತಾರೆ.

ಒಂದು ಮಾತು ಕೇಳಬಹುದೇ? ಹದಿನೇಳು ವರ್ಷದಲ್ಲಿ ನೀವು ಬಂದದ್ದು ಒಂದೇ ಸಲ, ಅವಳಿಗೆ ನಾಲ್ಕು ವರ್ಷವಿದ್ದಾಗ. ಹೊಟ್ಟೆ ಒತ್ತಿದರೆ ಇಂಗ್ಲಿಷ್ ಮಾತಾಡುವ ಗೊಂಬೆ ತಂದಿದ್ದಿರಿ. ಅವಳು ಹೆದರಿ ಅದನ್ನು ಕೋಳಿಗೂಡಿಗೆ ಎಸೆದಳು. ಆಮೇಲೆ ವರ್ಷಕ್ಕೊಂದು ಪೆಟ್ಟಿಗೆ, ಒಂದು ಕಾರ್ಡು. ಈಗ ಇದ್ದಕ್ಕಿದ್ದಂತೆ ಈ ಅವಸರ ಯಾಕೆ? ಎರಡು ದೇಶ ಇಟ್ಟುಕೊಳ್ಳುವುದಕ್ಕಾಗುವುದಿಲ್ಲ, ಒಂದನ್ನು ಬಿಟ್ಟರೆ ಮಾತ್ರ ಇನ್ನೊಂದು ಎಂದು ಇಲ್ಲಿ ಎಲ್ಲರೂ ಹೇಳುತ್ತಾರೆ. ನಮ್ಮನ್ನು ಬಿಡುತ್ತೇನೆ ಎಂದು ಅವಳ ಕೈಯಲ್ಲಿ ಬರೆಸುವುದು ನನಗೆ ಬೇಡ.

ಅವಳು ಬೇಕರಿಗೆ ಕೆಲಸಕ್ಕೆ ಹೋಗುತ್ತಿದ್ದಾಳೆ. ಉತ್ತರಕ್ಕೆ ಹೋಗುತ್ತೇನೆ ಎಂಬ ರಾಗ ಅವಳ ಬಾಯಲ್ಲೂ ಶುರುವಾಗಿದೆ. ನೀವು ಬೆಂಕಿಗೆ ಗಾಳಿ ಹಾಕಬೇಡಿ.

ಫೋನ್ ಮಾಡಬೇಡಿ. ಊರಿಗಿರುವುದು ಚೆಲಾಳ ಅಂಗಡಿಯ ಒಂದೇ ಫೋನು. ಉಪ್ಪು ಕೊಳ್ಳಲು ಬಂದವರೆಲ್ಲ ಸಂಭಾಷಣೆ ಮುಗಿಯುವವರೆಗೂ ಉಪ್ಪು ಕೊಳ್ಳುತ್ತಲೇ ಇರುತ್ತಾರೆ.

ಒಫೇಲಿಯಾ ಸಮರ್ರಿಪಾ


ವಾಪಾಟೊ
19 ಜೂನ್ 2005

ಒಫೇಲಿಯಾ,

ಒಂದನ್ನು ಬಿಡಬೇಕು ಎನ್ನುವುದು ಹಳೇ ಕಾನೂನು. ನಿಮ್ಮ ದೇಶ ಏಳು ವರ್ಷದ ಹಿಂದೆಯೇ ಅದನ್ನು ಬದಲಾಯಿಸಿತು. ಅಲ್ಲಿ ಹುಟ್ಟಿದವಳು ಎಂದೆಂದಿಗೂ ಅಲ್ಲಿಯವಳೇ. ಜೊತೆಗೆ ಇಲ್ಲಿಯವಳೂ ಆಗಬಹುದು. ಅಂಗಡಿಯಲ್ಲಿ ಕಾನೂನು ಕಲಿಯಬೇಡ, ಉಪ್ಪು ಮಾತ್ರ ತಗೋ.

ಮತ್ತೆ ಆ ಪುಸ್ತಕ ಕಟ್ಟಿಸಲು ಎಲ್ಲಿಗೆ ಕಳಿಸಿದ್ದಾರೆ, ರೋಮಿಗಾ? ಒಂದು ರಟ್ಟು ಅಂಟಿಸಲು ಎಷ್ಟು ದಿನ ಬೇಕು? ಅಧಿಕಾರಿಯ ರಜೆ ಮುಗಿಯಿತಾ? ದಿನಾ ಅಂಚೆ ಡಬ್ಬಿ ನೋಡುತ್ತೇನೆ. ಮೂರು ವಾರ, ಮೂರು ವಾರ ಎಂದು ನಾಚೊ ನನ್ನ ಕಿವಿಯಲ್ಲಿ ಜಾಗಟೆ ಬಾರಿಸುತ್ತಿದ್ದಾನೆ.

ಯಾಕೆ ಅವಸರ ಎಂದು ಕೇಳಿದೆ. ಅವಳು ಉತ್ತರಕ್ಕೆ ಬರುತ್ತೇನೆ ಎನ್ನುತ್ತಿದ್ದಾಳೆಂದು ನೀನೇ ಬರೆದಿದ್ದೀಯ. ಕಾಗದ ಇಲ್ಲದೆ ಬರುವವರು ಯಾವ ದಾರಿಯಲ್ಲಿ ಬರುತ್ತಾರೆ ಎಂದು ನಿನಗೆ ಗೊತ್ತಿಲ್ಲವಾ? ನಮ್ಮ ತೋಟದಲ್ಲಿ ಮರಳುಗಾಡು ದಾಟಿ ಬಂದ ಹೆಣ್ಣುಮಕ್ಕಳಿದ್ದಾರೆ. ಆ ದಾರಿಯ ವಿಷಯ ಎತ್ತಿದರೆ ಅವರು ಬೇರೆ ಸಾಲಿಗೆ ಹೋಗಿ ಹಣ್ಣು ಕೀಳುತ್ತಾರೆ. ನನ್ನ ಮಗಳಿಗೆ ಅದು ಬೇಡ.

ಚೆರ್ರಿ ಮುಗಿದು ಪೇರ್ ಹಣ್ಣು ಶುರುವಾಗುವ ನಡುವೆ ಹದಿನೈದು ದಿನ ಬಿಡುವಿದೆ. ನಾನೇ ಬರುತ್ತೇನೆ. ಆಗಸ್ಟ್ 15ಕ್ಕೆ, ಮಧ್ಯಾಹ್ನದ ಬಸ್ಸಿಗೆ. ಇಬ್ಬರೂ ಹೋಗಿ ಆ ಪುಸ್ತಕ ಹುಡುಕೋಣ. ಯಾದಿರಾಗೆ ಹೇಳು, ಈ ಸಲ ಗೊಂಬೆ ತರುವುದಿಲ್ಲ.

ಫೆರ್ಮಿನ್


ಲಾಸ್ ಪಿಲಾಸ್
22 ಆಗಸ್ಟ್ 2005

ಫೆರ್ಮಿನ್,

ಅವಳು ಬಸ್‌ಸ್ಟಾಪಿನಲ್ಲಿ ನಾಲ್ಕು ಗಂಟೆ ನಿಂತಿದ್ದಳು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಪಾಪಾಸುಕಳ್ಳಿ ಹಣ್ಣು ಸುಲಿದು ಡಬ್ಬಿಗೆ ತುಂಬಿಕೊಂಡು. ಮಧ್ಯಾಹ್ನದ ಬಸ್ ಬಂತು. ಸಂಜೆಯದೂ ಬಂತು. ಮನೆಗೆ ಬಂದವಳು ಆ ಹಣ್ಣನ್ನೆಲ್ಲ ಹಂದಿಗೆ ಸುರಿದಳು.

ನಿನ್ನ ಕಾಗದ ಬಂದದ್ದು ಮಾರನೇ ದಿನ. ಮೂರು ಸಾಲು! ‘ಕೆಲಸ ಹೆಚ್ಚು, ಬರಲಾಗುವುದಿಲ್ಲ, ಜನನ ಪತ್ರ ಕಳಿಸು.’ ಅದೂ ನಿನ್ನ ಅಕ್ಷರವಲ್ಲ. ನಿನ್ನ ಅಕ್ಷರ ನನಗೆ ಗೊತ್ತಿಲ್ಲ ಅಂದುಕೊಂಡೆಯಾ? ಮೂರು ಸಾಲು ಬರೆಯಲೂ ಮನೆಯಲ್ಲಿ ಯಾರನ್ನೋ ಇಟ್ಟುಕೊಂಡಿದ್ದೀಯ. ಇಟ್ಟುಕೋ, ನನಗೇನು. ಆದರೆ ನನ್ನ ಮಗಳಿಗೆ ಬರೆಯುವ ಕಾಗದವನ್ನು ಅವಳ ಕೈಯಲ್ಲಿ ಬರೆಸಬೇಡ. ಯಾದಿರಾ ಕಾಗದವನ್ನು ಬೆಳಕಿಗೆ ಹಿಡಿದು ನೋಡಿ, ‘ಇದು ಹೆಂಗಸಿನ ಅಕ್ಷರ ಅಲ್ಲಮ್ಮ, ಒಂದನೇ ಕ್ಲಾಸ್ ಹುಡುಗಂದು’ ಎಂದಳು. ನಿನ್ನ ಪರ ವಾದ ಮಾಡುವ ಅಭ್ಯಾಸ ಅವಳಿಗೆ ಎಲ್ಲಿಂದ ಬಂತೋ.

ಈಗ ಕೇಳು. ಅಕ್ಟೋಬರ್ ಕೊನೆಗೆ ಅಕ್ಕನ ಮಗ ಚೂಯ್ ಸೊನೋರಾ ಮರಳುಗಾಡಿನ ಕಡೆಯಿಂದ ಗಡಿ ದಾಟುತ್ತಾನೆ. ‘ನಾನೂ ಅವನ ಜೊತೆ ಹೋಗ್ತೀನಿ, ಬರ್ತೀನಿ ಅಂದೋರನ್ನ ಕಾದಿದ್ದು ಸಾಕು’ ಎಂದು ಯಾದಿರಾ ಊಟಕ್ಕೆ ಕೂತಾಗ ಹೇಳಿದಳು. ಅಪ್ಪ ಅರ್ಧ ಊಟದಲ್ಲಿ ಎದ್ದು ಹೋದರು. ನಡೆಯಲು ಗಟ್ಟಿ ಬೂಟು ಕೂಡ ತಂದಿಟ್ಟಿದ್ದಾಳೆ. ಇದು ನೀನು ಮಾಡಿದ್ದು.

ಜನನ ಪತ್ರ ಬರುವುದಿಲ್ಲ. ರಜೆ, ರಟ್ಟು ಎಲ್ಲ ಸುಳ್ಳು. ಪುಸ್ತಕ ಕಚೇರಿಯಲ್ಲೇ ಇದೆ. ಆದರೆ ಅದರಲ್ಲಿರುವುದು ನಿನ್ನ ಕೆಲಸಕ್ಕೆ ಬರುವುದಿಲ್ಲ. ಇನ್ನು ಕೇಳಬೇಡ.

ಒಫೇಲಿಯಾ


ವಾಪಾಟೊ
6 ಸೆಪ್ಟೆಂಬರ್ 2005

ಒಫೇಲಿಯಾ,

ಯಾದಿರಾ ಹೇಳಿದ್ದೇ ಸರಿ. ಇದು ಒಂದನೇ ಕ್ಲಾಸಿನವನ ಅಕ್ಷರವೇ. ಎಡಗೈಯಲ್ಲಿ ಬರೆಯುತ್ತಿದ್ದೇನೆ. ಜುಲೈ ಒಂಬತ್ತರಂದು ಏಣಿಯಿಂದ ಬಿದ್ದೆ. ನಮ್ಮ ಏಣಿಗೆ ಮೂರು ಕಾಲು, ಮೂರನೆಯದು ಇಲಿ ಬಿಲಕ್ಕೆ ಇಳಿಯಿತು. ಬಲಗೈ ಮಣಿಕಟ್ಟು ಎರಡು ಕಡೆ ಮುರಿದಿದೆ, ಸೊಂಟಕ್ಕೂ ಪೆಟ್ಟು. ಆರು ವಾರ ಮಂಚ ಬಿಟ್ಟು ಏಳಲಿಲ್ಲ. ಮನೆಯಲ್ಲಿ ಯಾವ ಹೆಂಗಸೂ ಇಲ್ಲ. ನಾಚೊ ಬಂದು ಗಂಜಿ ಮಾಡಿಟ್ಟು ಹೋಗುತ್ತಾನೆ. ಅವನ ಗಂಜಿ ತಿಂದರೆ ನಿನಗೆ ಹೊಟ್ಟೆಕಿಚ್ಚಾಗುವ ಪ್ರಮೇಯವೇ ಇಲ್ಲ.

ಯಾಕೆ ಬರೆಯಲಿಲ್ಲ ಎನ್ನುತ್ತೀಯ. 87ರಲ್ಲಿ ನೀನು ಬಸುರಿ ಎಂದು ಬರೆದಾಗಲೂ ನಾನು ‘ಚೆರ್ರಿ ಮುಗಿದ ಮೇಲೆ ಬರುತ್ತೇನೆ’ ಎಂದೇ ಉತ್ತರಿಸಿದ್ದೆ. ಇಪ್ಪತ್ತೊಂದು ವರ್ಷದ ಹೇಡಿ ನಾನು ಆಗ. ಬರಲಿಲ್ಲ. ಈ ಸಲ ಏಣಿಯಿಂದ ಬಿದ್ದೆ ಎಂದರೆ ಯಾರು ನಂಬುತ್ತಾರೆ? ಅದಕ್ಕೇ ಕೆಲಸ ಹೆಚ್ಚು ಎಂದು ಬರೆದೆ. ಅದನ್ನಾದರೆ ನೀವು ಮೊದಲೂ ಕೇಳಿದ್ದೀರಿ.

ನಿನ್ನ ಕೊನೆಯ ಸಾಲನ್ನು ಎಷ್ಟು ಸಲ ಓದಿದೆನೋ. ಪುಸ್ತಕದಲ್ಲಿರುವುದು ನನ್ನ ಕೆಲಸಕ್ಕೆ ಬರುವುದಿಲ್ಲ ಎಂದರೆ ಏನು? ಅಪ್ಪನ ಸಾಲಿನಲ್ಲಿ ಬೇರೆ ಗಂಡಸಿನ ಹೆಸರಿದೆಯಾ? ಇದ್ದರೆ ಹೇಳಿಬಿಡು. ನನಗೆ ಕೋಪ ಮಾಡಿಕೊಳ್ಳುವ ಹಕ್ಕಿಲ್ಲ. ಆದರೂ ಬರುತ್ತಿದೆ, ಏನು ಮಾಡಲಿ.

ಅವಸರ ಯಾಕೆ ಎಂದು ಜೂನ್‌ನಲ್ಲಿ ಕೇಳಿದ್ದೆಯಲ್ಲ, ಅರ್ಧ ಉತ್ತರ ಕೊಟ್ಟಿದ್ದೆ. ಅಮ್ಮ ಹೋದ ಮೇಲೆ ಅವಳ ಟ್ರಂಕಿನಲ್ಲಿ ನನ್ನ ಜನನ ಪತ್ರ ಸಿಕ್ಕಿತು. ತಾಯಿ: ರೊಸಾರಿಯೊ ಓಲ್ವೆರಾ. ತಂದೆ ಎಂದಿರುವಲ್ಲಿ ಒಂದು ಗೆರೆ ಎಳೆದಿದೆ. ಅಪ್ಪ ಸತ್ತುಹೋದ ಎಂದು ಅಮ್ಮ ಹೇಳುತ್ತಿದ್ದಳು. ಸತ್ತವನಿಗೆ ಹೆಸರಾದರೂ ಇರುತ್ತದೆ. ಚಿಕ್ಕವನಿದ್ದಾಗ ಶಾಲೆಯಲ್ಲಿ ಗುಮಾಸ್ತೆ ಆ ಕಾಗದ ನೋಡಿ ನನ್ನನ್ನು ನೋಡುತ್ತಿದ್ದಳು. ಯಾಕೆಂದು ಈಗ ತಿಳಿಯಿತು. ನಾನೂ ನನ್ನ ಮಗಳಿಗೆ ಅದೇ ಗೆರೆ ಎಳೆದು ಕೂತಿದ್ದೇನೆ ಎಂದು ಆ ದಿನ ಹೊಳೆಯಿತು. ಅಂದಿನಿಂದ ಎಲ್ಲೂ ನೆಟ್ಟಗೆ ಕೂರಲಾಗುತ್ತಿಲ್ಲ.

ಎರಡೂವರೆ ತಿಂಗಳು ಉಳಿದಿದೆ. ಸತ್ಯ ಬರೆ.

ಫೆರ್ಮಿನ್


ಲಾಸ್ ಪಿಲಾಸ್
24 ಸೆಪ್ಟೆಂಬರ್ 2005

ಫೆರ್ಮಿನ್,

ಹೌದು, ಬೇರೆ ಗಂಡಸಿನ ಹೆಸರಿದೆ. ನಕಲು ಇದರೊಳಗೆ ಇಟ್ಟಿದ್ದೇನೆ. ತಂದೆ: ಎನ್ಕಾರ್ನಸಿಯೊನ್ ಸಮರ್ರಿಪಾ. ತಾಯಿ: ರೆಫುಹಿಯೊ ಲುಯೆವಾನೊ. ನನ್ನ ಅಪ್ಪ, ನನ್ನ ಅಮ್ಮ. ದೊನ್ ಚೋನ್, ದೊನ್ಯಾ ಕೂಕಾ. ಸರ್ಕಾರದ ಲೆಕ್ಕದಲ್ಲಿ ಯಾದಿರಾ ನನ್ನ ತಂಗಿ.

ಹೆರಿಗೆಯಾದ ಮೂರನೇ ದಿನ ನನಗೆ ಜ್ವರ ಏರಿತು, ನಂಜು. ಆಸ್ಪತ್ರೆಯಲ್ಲಿ ಮೂರು ವಾರ ಪ್ರಜ್ಞೆ ಬಂದು ಹೋಗಿ ಮಾಡುತ್ತಿತ್ತು. ಅಮ್ಮ ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಸೂಲಗಿತ್ತಿಯ ಚೀಟಿ ಹಿಡಿದುಕೊಂಡು ಕಚೇರಿಗೆ ಹೋದಳು. ಆಗಿನ ಗುಮಾಸ್ತ ದೊನ್ ಲೂಪೆ ಕೇಳಿದನಂತೆ, ‘ತಂದೆ ಹೆಸರು ಹೇಳು ಕೂಕಾ, ಇಲ್ಲ ಅಂದ್ರೆ ಗೆರೆ ಹೊಡೀತೀನಿ.’ ಅಮ್ಮ, ‘ಗೆರೆ ಹೊಡೆದ್ರೆ ನಿನ್ನ ಬೆರಳು ಮುರೀತೀನಿ. ಮಗು ನಂದು, ನನ್ನ ಗಂಡಂದು. ಬರ್ಕೋ’ ಎಂದಳಂತೆ. ‘ನಲವತ್ತೇಳರಲ್ಲಾ ಕೂಕಾ?’ ಎಂದರೆ, ‘ದೇವರು ಕೊಡುವಾಗ ನಿನ್ನ ಕೇಳ್ತಾನಾ?’ ದೊನ್ ಲೂಪೆ ಬರೆದುಕೊಂಡ. ನಮ್ಮ ಕಡೆ ಇದೇನು ಹೊಸದಲ್ಲ. ಆ ಪುಸ್ತಕ ನಂಬಿದರೆ ನಮ್ಮ ಊರಿನಲ್ಲಿ ಅರ್ಧಕ್ಕರ್ಧ ಅಜ್ಜಿಯರು ಐವತ್ತರಲ್ಲಿ ಹೆತ್ತಿದ್ದಾರೆ.

ನಾನು ಮನೆಗೆ ಬಂದಾಗ ಎಲ್ಲ ಮುಗಿದಿತ್ತು. ಯಾದಿರಾಗೆ ಎಲ್ಲ ಗೊತ್ತು. ನನ್ನನ್ನೇ ಅಮ್ಮ ಅನ್ನುತ್ತಾಳೆ. ನಿನ್ನ ಕಾಗದ ಬರುವವರೆಗೂ ಆ ಪುಸ್ತಕ ಯಾರಿಗೂ ತೊಂದರೆ ಕೊಟ್ಟಿರಲಿಲ್ಲ.

ಅದನ್ನು ತಿದ್ದಿಸಬೇಕಾದರೆ ಅಮ್ಮ ನ್ಯಾಯಾಧೀಶರ ಮುಂದೆ ನಿಂತು, ‘ನಾನು ಸುಳ್ಳು ಹೇಳಿದೆ, ಇವಳನ್ನು ನಾನು ಹೆತ್ತಿಲ್ಲ’ ಎನ್ನಬೇಕಂತೆ. ‘ಜೈಲಿಗೆ ಹಾಕ್ತಾರೆ ಕಣೇ, ಈ ಮೊಣಕಾಲು ಇಟ್ಕೊಂಡು ನಾನು ಅಲ್ಲಿ ನೆಲದ ಮೇಲೆ ಮಲಗಲಾ’ ಎಂದು ಅಮ್ಮ ಅಳುತ್ತಾಳೆ. ನಾನು ಹೇಗೆ ಒತ್ತಾಯ ಮಾಡಲಿ?

ನೀನು ಸತ್ಯ ಬರೆ ಎಂದೆಯಲ್ಲ, ಇನ್ನೊಂದಿದೆ. ಅಮ್ಮನ ನೆಪ ಹೇಳಿಕೊಂಡು ನಾನೂ ಬಚ್ಚಿಟ್ಟುಕೊಂಡೆ. ಕಾಗದ ಸಿಕ್ಕರೆ ಅವಳು ಹೋಗಿಬಿಡುತ್ತಾಳೆ. ನನಗಿರುವುದು ಅವಳೊಬ್ಬಳು. ಈಗ ಕಾಗದ ಇಲ್ಲದೆಯೂ ಹೋಗುತ್ತಾಳೆ ಎಂದು ಬಾಗಿಲ ಪಕ್ಕದಲ್ಲಿರುವ ಆ ಬೂಟುಗಳನ್ನು ನೋಡಿದಾಗಲೆಲ್ಲ ನೆನಪಾಗುತ್ತದೆ.

ನಿನ್ನ ಕೈ ಹೇಗಿದೆ? ಎಲುಬಿನ ಸಾರು ಕುಡಿ. ನಾಚೊಗೆ ಹೇಳು, ಬೆಳ್ಳುಳ್ಳಿ ಹಾಕಲಿ.

ಒಫೇಲಿಯಾ


ವಾಪಾಟೊ
10 ಅಕ್ಟೋಬರ್ 2005

ಒಫೇಲಿಯಾ,

ನಿನ್ನ ಕಾಗದ ಓದಿ ಮೊದಲು ನಕ್ಕೆ. ಆಮೇಲೆ ಅಡುಗೆಮನೆಯಲ್ಲಿ ಕೂತು ಅತ್ತೆ. ‘ಗೆರೆ ಹೊಡೆದ್ರೆ ಬೆರಳು ಮುರೀತೀನಿ.’ ನನಗೂ ಅಂಥ ಒಬ್ಬ ಅಜ್ಜಿ ಇದ್ದಿದ್ದರೆ! ನಾನು ಓಡಿಹೋಗಿ ಖಾಲಿ ಬಿಟ್ಟ ಜಾಗದಲ್ಲಿ ನಿಮ್ಮಪ್ಪ ಹದಿನೆಂಟು ವರ್ಷ ನಿಂತಿದ್ದಾರೆ. ಬೇರೆ ಗಂಡಸು ಎಂದು ನಾನು ಉರಿದುಕೊಂಡದ್ದು ಆ ಮನುಷ್ಯನ ಮೇಲೆ. ಕ್ಷಮಿಸು.

ಬಡವರಿಗೆ ಪುಕ್ಕಟೆ ಸಲಹೆ ಕೊಡುವ ವಕೀಲರ ಕಚೇರಿಯೊಂದು ಇಲ್ಲಿದೆ. ಅಲ್ಲಿ ಮಿಸ್ ಹೋಲ್ಮ್ ಎಂಬಾಕೆ. ನನಗಿಂತ ಒಂದು ಗೇಣು ಎತ್ತರ, ಬಾಯಿ ತುಂಬ ಕೆಮ್ಮಿನ ಮಿಠಾಯಿ. ನೀನು ಕಳಿಸಿದ ಜನನ ಪತ್ರವನ್ನು ಎರಡು ಸಲ ಓದಿದರು. ‘ಇಂಥದ್ದು ನಾನು ವಾರಕ್ಕೊಂದು ನೋಡ್ತೀನಿ ಮಿಸ್ಟರ್ ಓಲ್ವೆರಾ. ಪುಸ್ತಕ ಆಮೇಲೂ ತಿದ್ದಿಸಬಹುದು. ಪ್ರಮಾಣ ಆಮೇಲೆ ಮಾಡೋಕಾಗಲ್ಲ. ಇಪ್ಪತ್ತೆರಡರೊಳಗೆ ಮಾಡಿ. ರಕ್ತಪರೀಕ್ಷೆ, ಕೋರ್ಟು, ಜನನ ಪತ್ರ, ಎಲ್ಲ ನಿಧಾನಕ್ಕೆ ಬರಲಿ’ ಎಂದರು.

ಎದ್ದು ಅವರ ಕೈ ಕುಲುಕಲು ಹೋದೆ. ಕೈ ನೋವಾಗಿ ಕಿರುಚಿದೆ. ಅವರೇ ಕೂರಿಸಿ ಮುಂದಿನದು ಹೇಳಿದರು. ‘ನೀವು ಪ್ರಮಾಣ ಮಾಡಿದ ದಿನ ಆ ಅಜ್ಜಿ ಬರೆಸಿದ್ದು ಸುಳ್ಳು ಅಂತ ನೀವೇ ಬರೆದುಕೊಟ್ಟ ಹಾಗಾಗುತ್ತೆ. ಅವರು ಮುಂದೆ ಕೋರ್ಟಿನಲ್ಲಿ ನಿಜ ಹೇಳದಿದ್ದರೆ ನಿಮ್ಮ ಪ್ರಮಾಣ ಒಂದು ಕಡೆ, ಅವರ ಪುಸ್ತಕ ಒಂದು ಕಡೆ. ಹುಡುಗಿ ನಡುವೆ ಸಿಕ್ಕಿಹಾಕಿಕೊಳ್ತಾಳೆ.’ ಜೈಲಿಗೆ ಹಾಕುತ್ತಾರಾ ಎಂದು ಕೇಳಿದೆ. ನಿಮ್ಮ ದೇಶದ ವಕೀಲರೊಬ್ಬರಿಗೆ ಫೋನ್ ಮಾಡಿ ವಿಚಾರಿಸಿದರು. ಲಾಭಕ್ಕೆ ಮಾಡಿದ್ದಲ್ಲ, ಮಗುವನ್ನು ಮಾರಿದ್ದಲ್ಲ. ನ್ಯಾಯಾಧೀಶರು ಬೈದು ಕಳಿಸುತ್ತಾರೆ ಎಂದರಂತೆ.

ಹೀಗಿದೆ ನೋಡು. ನಿನ್ನ ಅಮ್ಮನನ್ನು ಕೇಳದೆ ನಾನು ಪ್ರಮಾಣ ಮಾಡುವುದಿಲ್ಲ. ಇದನ್ನು ಅವರಿಗೆ ಓದಿ ಹೇಳು: ‘ದೊನ್ಯಾ ಕೂಕಾ, ನಾನು ಇರಬೇಕಾದ ಕಡೆ ಇರಲಿಲ್ಲ, ಅದಕ್ಕೆ ನೀವು ಸುಳ್ಳು ಹೇಳಬೇಕಾಯಿತು. ತಪ್ಪು ನನ್ನದು. ಈಗ ಸತ್ಯ ಹೇಳಲು ನಿಮ್ಮ ಅಪ್ಪಣೆ ಬೇಕು. ನೀವು ಬೇಡ ಎಂದರೆ ಬೇಡ.’

ಯಾದಿರಾಗೆ ಹೇಳು, ಚೂಯ್ ಜೊತೆ ಹೊರಡಬೇಡ ಎಂದು. ಕಾದಿದ್ದು ಸಾಕು ಎಂದಳಂತೆ. ಇನ್ನೊಂದು ತಿಂಗಳು ಕಾಯಲಿ, ಕಾಲಿಗೆ ಬೀಳುತ್ತೇನೆ.

ಬೇಗ ಬರೆ. ಬೇಗ.

ಫೆರ್ಮಿನ್


ಲಾಸ್ ಪಿಲಾಸ್
27 ಅಕ್ಟೋಬರ್ 2005

ಫೆರ್ಮಿನ್,

ಅಮ್ಮ ಅಂಗಳದಲ್ಲಿ ಮೆಣಸಿನಕಾಯಿ ದಾರಕ್ಕೆ ಪೋಣಿಸುತ್ತಿದ್ದಳು. ಎದುರಿಗೆ ಕೂತು ಓದಿದೆ.

‘ನಾನು ಸುಳ್ಳುಬುರುಕಿ ಅಂತ ಅಮೆರಿಕದ ಸರ್ಕಾರದ ಮುಂದೆ ಆಣೆ ಇಡ್ತಾನಂತಾ?’

‘ಹೌದಮ್ಮ.’

‘ನನ್ನನ್ನ ಕೇಳಿ ಇಡ್ತಾನಂತಾ?’

‘ನೀನು ಬೇಡ ಅಂದ್ರೆ ಇಡಲ್ಲ ಅಂತ ಬರೆದಿದಾನೆ.’

ಆ ಸರ ಮುಗಿಯುವವರೆಗೂ ಪೋಣಿಸಿದಳು. ಗಂಟು ಹಾಕಿ, ಹಲ್ಲಿನಲ್ಲಿ ದಾರ ಕಡಿದು, ‘ಹದಿನೆಂಟು ವರ್ಷದಲ್ಲಿ ಆ ಮಹಾರಾಯ ನನ್ನನ್ನ ಒಂದು ಮಾತು ಕೇಳಿದ್ದು ಇದೇ ಮೊದಲು’ ಎಂದಳು. ಆಮೇಲೆ ಮತ್ತೆ ಅಳು. ‘ನಂದಲ್ಲ ಅಂತ ಹೇಳು ಅಂದ್ರೆ ಹೆಂಗೆ ಹೇಳ್ಲಿ? ಹಾಲು ಹಿಂಡಿ ಬತ್ತಿ ಅದ್ದಿ ಬಾಯಿಗಿಟ್ಟೋಳು ನಾನು.’

ಯಾದಿರಾ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ನಾನು ನೋಡಿರಲಿಲ್ಲ. ಅಂಗಳಕ್ಕೆ ಬಂದು ನನ್ನ ಹತ್ತಿರ ಉಳಿದಿದ್ದ ಜನನ ಪತ್ರದ ಇನ್ನೊಂದು ನಕಲನ್ನು ಕಿತ್ತುಕೊಂಡು ತಾಯಿಯ ಸಾಲಿನ ಮೇಲೆ ಬೆರಳಿಟ್ಟಳು. ‘ನೀವೆಲ್ಲ ಅಪ್ಪನ ಹೆಸರು, ಅಪ್ಪನ ಹೆಸರು ಅಂತ ಬಡ್ಕೊಳ್ತಿದೀರ. ಇಲ್ಲಿ ನನ್ನ ಅಮ್ಮನ ಹೆಸರೂ ಇಲ್ಲ. ಅಮ್ಮಾ, ನೀನು ನಂಗೆ ತಾಯಿ ಅಂತ ಒಂದು ಕಡೆ ಬರೆದಿರೋದು ನಿಂಗೆ ಬೇಡ್ವಾ?’

ಇಷ್ಟು ವರ್ಷ ನನಗೆ ಅದು ಹೊಳೆದೇ ಇರಲಿಲ್ಲ ಫೆರ್ಮಿನ್. ನಿನ್ನ ಹೆಸರಿಲ್ಲ ಎಂದೇ ಯೋಚಿಸುತ್ತಿದ್ದೆ. ನನ್ನ ಹೆಸರೂ ಅಲ್ಲಿಲ್ಲ. ಅಮ್ಮ ಅವಳ ಮುಖ ನೋಡಿದಳು, ನನ್ನ ಮುಖ ನೋಡಿದಳು. ಶಾಲಿನ ತುದಿಯಲ್ಲಿ ಮೂಗು ಒರೆಸಿಕೊಂಡು, ‘ಬರಿ ಅವನಿಗೆ. ಆಣೆ ಇಡಲಿ. ಕೋರ್ಟಿಗೆ ನಾನು ಬರ್ತೀನಿ. ಆದ್ರೆ ಅವನು ಮೊದಲು ಇಲ್ಲಿ ಬಂದು ನನ್ನ ಮುಂದೆ ನಿಲ್ಲಬೇಕು’ ಎಂದಳು.

ಅಪ್ಪ ಅಷ್ಟು ಹೊತ್ತೂ ಹಂದಿಗೂಡಿನ ಬೇಲಿ ಕಟ್ಟುತ್ತಿದ್ದರು. ಅಲ್ಲಿಂದಲೇ ಕೂಗಿದರು: ‘ಅಪ್ಪ ಆಗಿದ್ದೋನು ತಾತ ಆಗ್ತೀನಿ ಅನ್ನಿ. ಪರವಾಗಿಲ್ಲ, ಬಡ್ತಿನೇ.’ ನಕ್ಕರು. ಆದರೆ ಆ ದಿನವೆಲ್ಲ ಬೇಲಿ ಬಿಟ್ಟು ಬರಲಿಲ್ಲ.

ಚೂಯ್ ಮೊನ್ನೆ ಹೊರಟ. ಯಾದಿರಾ ಬೂಟುಗಳನ್ನು ಅವನ ತಂಗಿಗೆ ಕೊಟ್ಟಳು. ‘ಇಪ್ಪತ್ತೆರಡರವರೆಗೆ ಕಾಯ್ತೀನಿ, ಆಮೇಲೆ ಹೊಸ ಬೂಟು ತಗೋತೀನಿ’ ಎಂದು ನಿನಗೆ ಬರೆಯಲು ಹೇಳಿದ್ದಾಳೆ. ತಮಾಷೆಯಲ್ಲ.

ಇದನ್ನು ಸಕತೆಕಾಸ್‌ಗೆ ಹೋಗಿ ತುರ್ತು ಅಂಚೆಯಲ್ಲಿ ಹಾಕುತ್ತಿದ್ದೇನೆ.

ಒಫೇಲಿಯಾ


ವಾಪಾಟೊ
15 ನವೆಂಬರ್ 2005

ಒಫೇಲಿಯಾ,

ಆಯಿತು. ನಿನ್ನೆ ಬೆಳಗ್ಗೆ ಹನ್ನೊಂದು ಗಂಟೆಗೆ. ಎಂಟು ದಿನ ಉಳಿದಿತ್ತು.

ನಿನ್ನ ತುರ್ತು ಅಂಚೆ ನಮ್ಮ ಊರಿನ ಕಚೇರಿಯಲ್ಲಿ ಆರು ದಿನ ಮಲಗಿತ್ತು. ಚೀಟಿಯನ್ನು ಪಕ್ಕದ ಮನೆಯ ಡಬ್ಬಿಗೆ ಹಾಕಿದ್ದರಂತೆ. ಆ ಆರು ದಿನ ನಾನು ಹೇಗಿದ್ದೆನೆಂದು ಕೇಳಬೇಡ. ನಿನ್ನ ಅಮ್ಮ ಬೇಡ ಎಂದಿದ್ದಾರೆ, ಯಾದಿರಾ ಹೊರಟುಬಿಟ್ಟಿದ್ದಾಳೆ, ನೀನು ಬರೆಯಲು ಹೆದರುತ್ತಿದ್ದೀಯ ಎಂದು ಮನೆಯಿಂದ ತೋಟಕ್ಕೆ, ತೋಟದಿಂದ ಮನೆಗೆ ಸುತ್ತುತ್ತಿದ್ದೆ. ‘ಕೂತ್ಕೊಳೋ ಮಾರಾಯ, ನೆಲ ಸವೀತಿದೆ’ ಎಂದು ನಾಚೊ ಬೈದ.

ನೋಟರಿ ಒಬ್ಬ ಹುಡುಗ, ಕಿವಿಯಲ್ಲಿ ಓಲೆ. ‘ಬಲಗೈ ಎತ್ತಿ’ ಎಂದ. ಎತ್ತಿದೆ. ಮಣಿಕಟ್ಟು ಸರಿಯಾಗಿ ಕೂಡಿಲ್ಲ, ಅಂಗೈ ಪೂರ್ತಿ ತಿರುಗುವುದಿಲ್ಲ. ‘ಇನ್ನೂ ನೇರ ಎತ್ತಿ ಸರ್.’ ‘ಇದಕ್ಕಿಂತ ನೇರ ನಾನು ಯಾವತ್ತೂ ಇರಲಿಲ್ಲಪ್ಪ’ ಎಂದೆ. ಮಿಸ್ ಹೋಲ್ಮ್‌ಗೆ ಮಿಠಾಯಿ ಗಂಟಲಿಗೆ ಸಿಕ್ಕಿ ಕೆಮ್ಮು ಬಂತು. ಯಾದಿರಾ, 1987ರ ನವೆಂಬರ್ 22ರಂದು ಒಫೇಲಿಯಾ ಸಮರ್ರಿಪಾಳ ಹೊಟ್ಟೆಯಲ್ಲಿ ಹುಟ್ಟಿದವಳು, ನನ್ನ ಮಗಳು ಎಂದು ಗಟ್ಟಿಯಾಗಿ ಓದಿದೆ. ಜೋರಾಗಿ ಹೇಳಿದ್ದು ಜೀವನದಲ್ಲಿ ಅದೇ ಮೊದಲು. ಸಹಿಯನ್ನು ಬಲಗೈಯಲ್ಲೇ ಹಾಕಿದೆ. ಅದು ಏಡಿ ನಡೆದಂತೆ ಇದೆ, ಆದರೆ ನನ್ನದೇ.

ಡಿಸೆಂಬರ್ ಹದಿನೆಂಟಕ್ಕೆ ಬರುತ್ತೇನೆ. ಮಧ್ಯಾಹ್ನದ ಬಸ್ಸು. ಈ ಸಲ ಬಸ್‌ಸ್ಟಾಪಿಗೆ ಯಾರೂ ಬರುವುದು ಬೇಡ, ನಾನೇ ನಡೆದು ಬರುತ್ತೇನೆ.

ಫೆರ್ಮಿನ್


ಲಾಸ್ ಪಿಲಾಸ್
9 ಮೇ 2006

ಫೆರ್ಮಿನ್,

ಡಿಸೆಂಬರ್‌ನಲ್ಲಿ ಅಮ್ಮ ಬಾಗಿಲಲ್ಲೇ ನಿನ್ನ ಕೆನ್ನೆಗೆ ಕೊಟ್ಟಳಲ್ಲ, ಅದರ ಉರಿ ಹೋಗಿದೆಯಾ? ಆಮೇಲೆ ತಟ್ಟೆಗೆ ಹಾಕಿದ ಎಂಟು ರೊಟ್ಟಿಯನ್ನೂ ಲೆಕ್ಕಕ್ಕೆ ಹಿಡಿ.

ಕೋರ್ಟು ಮುಗಿಯಿತು. ನಿನ್ನ ಪರವಾಗಿ ನಡೆಸಲು ನೀನು ಬರೆದುಕೊಟ್ಟ ಅಧಿಕಾರ ಪತ್ರ, ರಕ್ತಪರೀಕ್ಷೆ ಎಲ್ಲ ಒಪ್ಪಿದರು. ಅಮ್ಮ ತನ್ನ ಸಾವಿಗೆಂದು ಎತ್ತಿಟ್ಟ ಕಪ್ಪು ಬಟ್ಟೆ ಉಟ್ಟುಕೊಂಡು ಬಂದಿದ್ದಳು. ನ್ಯಾಯಾಧೀಶರು ಇನ್ನೂ ಚಿಕ್ಕ ವಯಸ್ಸಿನವರು. ‘ಅಜ್ಜಿ, ಈ ಹುಡುಗಿ ನಿಮ್ಮ ಹೊಟ್ಟೇಲಿ ಹುಟ್ಟಿದ್ದಲ್ವಾ?’ ಎಂದು ಕೇಳಿದರು. ಅಮ್ಮ, ‘ಹೊಟ್ಟೇಲಲ್ಲ ಸ್ವಾಮಿ. ಮಿಕ್ಕಿದ್ದೆಲ್ಲ ನಾನೇ’ ಎಂದಳು. ಅವರು ಬೈಯಬೇಕೆಂದು ಬಾಯಿ ತೆರೆದರು. ಕೊನೆಗೆ ‘ಇನ್ನು ಮೇಲೆ ಹೀಗೆಲ್ಲ ಮಾಡಬೇಡಿ’ ಎಂದರು. ‘ಅರವತ್ತೈದರಲ್ಲಿ ಇನ್ನೆಲ್ಲಿ ಹೆರಲಿ’ ಎಂದಳು ಅಮ್ಮ.

ಹೊಸ ಪತ್ರ ಬರೆಸಲು ನೋಂದಣಿ ಕಚೇರಿಗೆ ಹೋದೆವು. ಈಗಿರುವ ಗುಮಾಸ್ತೆ ಸಾಲು ಸಾಲಾಗಿ ಕೇಳಿದಳು. ಹೆಸರು: ಯಾದಿರಾ ಓಲ್ವೆರಾ ಸಮರ್ರಿಪಾ. ತಂದೆ: ಫೆರ್ಮಿನ್ ಓಲ್ವೆರಾ. ‘ತಾಯಿ?’ ಎಂದಾಗ ನಾನು ನನ್ನ ಹೆಸರು ಹೇಳಲಾರದೆ ನಿಂತೆ. ಯಾದಿರಾ ಹೇಳಿದಳು. ತಾಯಿಯ ತಂದೆ, ತಾಯಿಯ ತಾಯಿ: ಅಪ್ಪ, ಅಮ್ಮ. ತಂದೆಯ ತಾಯಿ: ರೊಸಾರಿಯೊ ಓಲ್ವೆರಾ.

‘ತಂದೆಯ ತಂದೆ?’

‘ಹೆಸರಿಲ್ಲ ಅಂದ್ರೆ ಗೆರೆ ಹಾಕ್ತೀನಿ’ ಎಂದಳು ಗುಮಾಸ್ತೆ. ಆಗ ಅಪ್ಪ ಟೋಪಿ ತೆಗೆದು ಮೇಜಿನ ಹತ್ತಿರ ಹೋದರು. ‘ನಂದೇ ಬರ್ಕೊಳಮ್ಮ. ನಂಗೆ ಅಭ್ಯಾಸ ಇದೆ’ ಎಂದರು. ಅಮ್ಮ ಅವರ ತೋಳು ಹಿಡಿದು ಎಳೆದಳು: ‘ಸಾಕು ಬನ್ನಿ, ಈಗ ತಾನೇ ಒಂದು ಸುಳ್ಳಿನಿಂದ ಬಿಡಿಸಿಕೊಂಡು ಬಂದಿದೀವಿ.’ ಗುಮಾಸ್ತೆ ನಕ್ಕಳು. ಯಾದಿರಾ ನಗಲಿಲ್ಲ. ಗೆರೆ ಬಿತ್ತು. ಅಪ್ಪನಿಗೆ ಅದೊಂದೇ ಕೊರಗು. ‘ಆ ಹುಡುಗ ನೋಡಿ ನೊಂದ್ಕೋತಾನೆ’ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೇಳುತ್ತಿದ್ದರು. ನಲವತ್ತರ ನೀನು ಅವರಿಗೆ ಹುಡುಗ.

ನಕಲು ಇದರೊಳಗಿದೆ. ಜೂನ್ ಇಪ್ಪತ್ತಕ್ಕೆ ಅಮೆರಿಕದ ದೂತಾವಾಸದಲ್ಲಿ ಅವಳ ಪಾಸ್‌ಪೋರ್ಟಿನ ದಿನ. ನಮ್ಮ ದೇಶದ್ದು ಆಗಲೇ ಕೈಗೆ ಬಂತು. ಅವಳು ಆಗಸ್ಟಿಗೆ ನಿನ್ನಲ್ಲಿಗೆ ಬಂದು ಕ್ರಿಸ್‌ಮಸ್ಸಿಗೆ ಇಲ್ಲಿಗೆ ವಾಪಸ್ ಬರುತ್ತಾಳಂತೆ. ಬರುತ್ತಾಳೆಂದು ನಂಬಿದ್ದೇನೆ. ನಂಬದೆ ಏನು ಮಾಡಲಿ.

ಒಫೇಲಿಯಾ


ವಾಪಾಟೊ
24 ಮೇ 2006

ಒಫೇಲಿಯಾ,

ಮಿಸ್ ಹೋಲ್ಮ್ ಎರಡೂ ಕಾಗದವನ್ನು ಪಕ್ಕಪಕ್ಕ ಇಟ್ಟು ನೋಡಿದರು. ನನ್ನ ಪ್ರಮಾಣದ ತಾರೀಕು ನವೆಂಬರ್ 14, ಅವಳ ಹುಟ್ಟಿದ ದಿನ 22. ಇನ್ನು ಮೊಹರು ಒತ್ತುವುದಷ್ಟೇ ಬಾಕಿ ಎಂದರು. ನಾಚೊ ಕಾಗದವನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿ ವಾಪಸು ಕೊಟ್ಟ. ಅಂದಿನಿಂದ ಅವನು ಏಣಿಯ ಮೇಲಿಂದ ಕೂಗುವುದನ್ನು ಬಿಟ್ಟಿದ್ದಾನೆ.

ಅವಳನ್ನು ನಾನು ಹಿಡಿದಿಟ್ಟುಕೊಳ್ಳುವುದಿಲ್ಲ. ಡಿಸೆಂಬರ್‌ನಲ್ಲಿ ನಾನೇ ಕರೆದುಕೊಂಡು ಬರುತ್ತೇನೆ. ನನ್ನ ಮಾತಿಗೆ ಬೆಲೆ ಇಲ್ಲ ಎಂದು ಗೊತ್ತು, ಬೇಕಾದರೆ ಇದಕ್ಕೂ ನೋಟರಿಯ ಹತ್ತಿರ ಹೋಗಿ ಕೈ ಎತ್ತುತ್ತೇನೆ.

ಗೆರೆಯನ್ನು ನೋಡಿದೆ. ಮೊದಲು ಕಣ್ಣು ಹೋದದ್ದೇ ಅಲ್ಲಿಗೆ. ಆಮೇಲೆ ಮೇಲಕ್ಕೆ ಹೋಗಿ ಯಾದಿರಾಳ ತಂದೆ ಎಂದಿರುವ ಸಾಲು ಓದಿದೆ. ಮತ್ತೆ ಓದಿದೆ. ದೊನ್ ಚೋನ್ ಅವರಿಗೆ ಹೇಳು, ನಾನು ನೊಂದುಕೊಂಡಿಲ್ಲ. ಅವರು ಟೋಪಿ ತೆಗೆದು ಮೇಜಿನ ಹತ್ತಿರ ಹೋದರಲ್ಲ, ನನಗೆ ಅಷ್ಟು ಸಾಕು. ಆ ಗೆರೆ ನನ್ನದು, ನಲವತ್ತು ವರ್ಷದಿಂದ ನನ್ನ ಜೊತೆಗಿದೆ, ಇರಲಿ ಬಿಡು. ನನ್ನ ಮಗಳ ಸಾಲಿನಲ್ಲಿ ಅದಕ್ಕೆ ಜಾಗವಿಲ್ಲ.

ಫೆರ್ಮಿನ್